ಮಠದ ಗಾಡಿಗೆ ಹೊಗೆ ಟೆಸ್ಟ್

ಗುರು-ಶಿಷ್ಯರ ಕಥೆ ಅಂದ ಕೂಡಲೇ ಜಿಂಕೆ, ಕಮಂಡಲ, ಹುಲಿಚರ್ಮ ಅಂತೆಲ್ಲ ಹುಡುಕಬೇಡಿ. ಈ ಮಠದಲ್ಲಿ ಅವೊಂದೂ ಇರಲಿಲ್ಲ. ಒಂದು ಬಿಳಿ ಕಾರಿತ್ತು.

ಮಠ ಮಲಪ್ರಭೆಯ ದಂಡೆಯ ಮೇಲಿತ್ತು. ಅಲ್ಲಿಯ ಗುರುಗಳನ್ನು ಊರವರೆಲ್ಲ ಅಜ್ಜಾರು ಅನ್ನುತ್ತಿದ್ದರು. ಶಿಷ್ಯನ ಹೆಸರು ಅಡಿವೆಯ್ಯ. ಕಾರು ಓಡಿಸುವುದು, ತೊಳೆಯುವುದು, ಅದಕ್ಕೆ ಪೂಜೆ ಮಾಡುವುದು ಎಲ್ಲ ಅವನ ಪಾಲಿನ ಕೆಲಸ.

ಭಕ್ತರು ಕಾರು ಕೊಟ್ಟದ್ದು ಅಜ್ಜಾರು ಓಡಾಡಲಿ ಅಂತ. ಅಜ್ಜಾರು ಅದರಲ್ಲಿ ಕೂತದ್ದೇ ಕಡಿಮೆ. ಕೂರುತ್ತಿದ್ದವಳು ಕಾಶವ್ವ.

ಕಾಶವ್ವ ಮಠದ ಹಿಂದಿನ ಓಣಿಯವಳು. ಅವಳ ಕಿಡ್ನಿ ಎರಡೂ ಕೈಕೊಟ್ಟಿದ್ದವು. ವಾರಕ್ಕೆರಡು ಸಲ ಪಟ್ಟಣದ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳಬೇಕು. ಬಸ್ಸಿನ ಮೆಟ್ಟಿಲು ಹತ್ತುವ ತ್ರಾಣ ಅವಳಿಗಿಲ್ಲ. ಟಂಟಂ ಗಾಡಿಯ ಕುಲುಕಾಟ ಮೈಗೆ ತಡೆಯದು. ಒಮ್ಮೆ ಹೋಗುವುದು ತಪ್ಪಿದಾಗ ಮುಖ, ಕಾಲು ಎಲ್ಲ ಬಾತು, ಉಸಿರು ಸಿಕ್ಕಿಕೊಂಡು, ಇಡೀ ಓಣಿ ಅತ್ತುಬಿಟ್ಟಿತ್ತು.

ಮತ್ತೆ ಮಂಗಳವಾರ ಬಂದರೆ ಅವಳ ಪಾಳಿ. ಸೋಮವಾರಕ್ಕೆ ಕಾರಿನ ಹೊಗೆ ಸರ್ಟಿಫಿಕೇಟಿನ ಅವಧಿ ಮುಗಿಯುತ್ತಿತ್ತು.

ಅದಕ್ಕೇನು, ಒಂದು ದಿನ ಹಂಗೇ ಹೋದರಾಯಿತು ಅನ್ನುತ್ತೀರಿ. ಸೇತುವೆಯ ಹತ್ತಿರ ಆ ವಾರ ತಪಾಸಣೆ ಜೋರಿತ್ತು. ಕಾಗದ ಸರಿ ಇಲ್ಲದ ಗಾಡಿಗಳನ್ನು ಹಿಡಿದು ನಿಲ್ಲಿಸುತ್ತಿದ್ದರು. ಬಿಸಿಲಲ್ಲಿ ಕಾಶವ್ವನನ್ನು ಕೂರಿಸಿಕೊಂಡು ಅಲ್ಲಿ ನಿಂತರೆ ಗತಿ ಏನು? ಅದೂ ಅಲ್ಲದೆ ಅಜ್ಜಾರು ಮೊದಲೇ ಹೇಳಿದ್ದರು: ಕಾಗದ ಇಲ್ಲದೆ ಗಾಡಿ ಮಠದ ಬಾಗಿಲು ದಾಟಬಾರದು.

ಕಾರು ಶನಿವಾರವೇ ಟೆಸ್ಟಿಗೆ ಹೋಗಿ ನಾಪಾಸಾಗಿ ಬಂದಿತ್ತು. ಸೈಲೆನ್ಸರಿನಿಂದ ಕಪ್ಪು ಹೊಗೆ. ಸ್ಟೇರಿಂಗಿನ ಮುಂದೆ ಇಂಜಿನ್ನಿನ ಹಳದಿ ದೀಪ ಹತ್ತಿಕೊಂಡದ್ದು ಆರುತ್ತಲೇ ಇರಲಿಲ್ಲ.

"ಸ್ಕ್ಯಾನರ್ ಹಚ್ಚಿಸಿ ನೋಡ್ರಿ. ಏನ ದೋಷ ಐತಿ ಅಂತ ಅದ ಹೇಳತೈತಿ. ತಗಿಸಿಕೊಂಡು ಸೋಮವಾರ ಬರ್ರಿ" ಅಂತ ಟೆಸ್ಟಿನವರು ಕಳಿಸಿದ್ದರು.

ಸ್ಕ್ಯಾನರ್ ಅನ್ನುವ ಮಾತು ಕೇಳಿದ್ದೇ ತಡ, ಅಡಿವೆಯ್ಯನ ಎದೆ ಧಸಕ್ಕೆಂದಿತು.

ಯಾಕೆಂದರೆ, ಸ್ಕ್ಯಾನರ್ ಹಚ್ಚುವ ಸಾಕೆಟ್ಟು ಸ್ಟೇರಿಂಗಿನ ಕೆಳಗೆ ಇರುತ್ತದೆ. ಬಗ್ಗಿ ನೋಡಿದರೆ ಮಾತ್ರ ಕಾಣುತ್ತದೆ. ಸಾಲಾಗಿ ಸಣ್ಣ ಸಣ್ಣ ತೂತು. ಹಿಂದೊಮ್ಮೆ ಮೆಕ್ಯಾನಿಕ್ ರಾಜೇಸಾಬ ಅದನ್ನು ತೋರಿಸಿ, "ಅಯ್ನಾರ, ಗಾಡಿಗೆ ಏನ ಬ್ಯಾನಿ ಇದ್ರೂ ಇಲ್ಲೆ ಹೇಳತೈತಿ ನೋಡ್ರಿ" ಅಂದಿದ್ದ.

ಅಷ್ಟು ಅಂದದ್ದೇ ಸಾಕಾಯಿತು. ಅವತ್ತಿನಿಂದ ಅಡಿವೆಯ್ಯನಿಗೆ ಅದು ಸಾಕೆಟ್ಟಲ್ಲ, ಗಾಡಿಯ ಬಾಯಿ. ಪ್ರತಿ ಸೋಮವಾರ ಗಾಡಿಪೂಜೆಯಲ್ಲಿ ಸ್ಟೇರಿಂಗಿಗೆ, ಕನ್ನಡಿಗೆ, ಗಾಲಿಗಳಿಗೆ ವಿಭೂತಿ ಹಚ್ಚಿ, ಕಡೆಗೆ ಬಗ್ಗಿ ಆ ತೂತುಗಳಿಗೆ ಗಂಧ ಒತ್ತುತ್ತಿದ್ದ. ಧಾರಾಳವಾಗಿ ಒತ್ತುತ್ತಿದ್ದ. ಪೂಜೆಯ ವಿಷಯದಲ್ಲಿ ಜಿಪುಣತನ ಅವನಿಗೆ ಗೊತ್ತೇ ಇರಲಿಲ್ಲ, ಪಾಪ.

ಭಾನುವಾರವೆಲ್ಲ ಚಡಪಡಿಸಿದ. ಸೋಮವಾರ ಬೆಳಗಾಗುತ್ತಲೇ ಒದ್ದೆ ಬಟ್ಟೆ ತಗೊಂಡು ಹೋಗಿ ಸಾಕೆಟ್ಟನ್ನು ಒರೆಸಿದ. ಮೇಲೆ ಕಪ್ಪಗೆ ಹೊಳೆಯಿತು. ತೂತಿನೊಳಗೆ ಒಣಗಿ ಕಲ್ಲಾಗಿದ್ದ ಗಂಧ ಹಾಗೇ ಉಳಿಯಿತು.

ಅಜ್ಜಾರು ಹೊಳೆಯ ಮೆಟ್ಟಿಲ ಮೇಲೆ ಕೂತು ಮುಖ ತೊಳೆಯುತ್ತಿದ್ದರು. ಅಡಿವೆಯ್ಯ ಹೋಗಿ ಹಿಂದೆ ನಿಂತ.

"ಅಜ್ಜಾರ."

"ಹೇಳೋ."

"ಇವತ್ತ ಗಾಡಿ ಪಾಸಾಗತೈತೇನ್ರಿ?"

"ನನ್ನ ಯಾಕ ಕೇಳತಿ? ಗಾಡಿ ಓಡಸಾಂವ ನೀನು."

"ನನಗ ಹೆದರಿಕಿ ಆಗಾಕತ್ತೈತ್ರಿ."

ಅಜ್ಜಾರು ಮುಖ ಒರೆಸಿಕೊಂಡರು.

"ಹೆದರಿಕಿ ಆಗೂವಂಥಾದ್ದು ಏನೈತೆಪಾ?"

ಹೇಳಿಬಿಡಬಹುದಾಗಿತ್ತು. ಹೊಳೆಯ ದಂಡೆ, ತಂಪು ಹೊತ್ತು, ಕೇಳುವವರು ಒಬ್ಬರೇ. ಅದಕ್ಕಿಂತ ಒಳ್ಳೆ ಗಳಿಗೆ ಬೇಕೇ?

"ಏನಿಲ್ರಿ" ಅಂದ ಅಡಿವೆಯ್ಯ.

"ಏನಿಲ್ಲಂದ್ರ ಚಲೋ ಆತಲ್ಲ" ಅಂದು ಅಜ್ಜಾರು ಮೆಟ್ಟಿಲು ಹತ್ತಿ ಹೋದರು.

ರಾಜೇಸಾಬ ಬಂದ. ಕಾರಿನ ಬಾಗಿಲು ತೆರೆದು, ನೆಲದ ಮೇಲೆ ಮೊಣಕಾಲೂರಿ, ಸ್ಕ್ಯಾನರನ್ನು ಸಾಕೆಟ್ಟಿಗೆ ಒತ್ತಿದ. ಕೀ ತಿರುಗಿಸಿದ. ಸ್ಕ್ಯಾನರಿನ ಪರದೆ ಕಪ್ಪಗೇ ಇತ್ತು. ತೆಗೆದು ಮತ್ತೆ ಒತ್ತಿದ.

"ಹತ್ತವಲ್ದಲ್ರಿ!"

ಅಡಿವೆಯ್ಯ ಸ್ಕ್ಯಾನರಿನ ಕಡೆ ಬೆರಳು ಮಾಡಿದ.

"ಸ್ಕ್ಯಾನರ ಕೆಟ್ಟಿರಬೇಕಪಾ" ಅಂದ.

"ನಿನ್ನಿ ಸಂಜೀಕ ಬ್ಯಾರೆ ಗಾಡಿಗೆ ಹಚ್ಚೇನ್ರಿ. ಚಲೋ ಐತಿ." ರಾಜೇಸಾಬ ತಲೆ ಕೆರೆದುಕೊಂಡ. "ಅಯ್ನಾರ, ಇಲ್ಲೆ ಏನರ ಚೆಲ್ಲಿತ್ತೇನ್ರಿ? ನೀರು, ಚಾ, ಏನರ?"

"ಇಲ್ಲ."

"ಯಾರರ ಕೈ ಹಾಕಿದ್ರೇನ್ರಿ ಇದಕ್ಕ?"

"ಇಲ್ಲಪಾ. ಯಾರು ಹಾಕ್ತಾರು? ನಾನ ಅಲ್ಲ ಗಾಡಿ ನೋಡಿಕೊಳ್ಳಾಂವ?"

ಸುಳ್ಳು ಅಂದರೆ ಹೀಗೆ. ಬಾಯಿಂದ ಬರುವಾಗ ಸಣ್ಣದಿರುತ್ತದೆ. ರಾಜೇಸಾಬ ಅದನ್ನು ನಂಬಿದ. ನಂಬಿ, ದಾರಿ ತಪ್ಪಿದ.

"ಹಂಗಾರ ಫ್ಯೂಸ್ ಹೋಗಿರಬೇಕು" ಅಂದ.

ಬಾನೆಟ್ಟು ಎತ್ತಿದ. ಫ್ಯೂಸಿನ ಡಬ್ಬಿ ತೆರೆದ. ಒಂದೊಂದೇ ಕಿತ್ತು, ಬಿಸಿಲಿಗೆ ಹಿಡಿದು ನೋಡಿ, ಮತ್ತೆ ಹಾಕಿದ. ಎಲ್ಲ ಸರಿ ಇದ್ದವು. ಒಳಗೆ ಇನ್ನೊಂದು ಡಬ್ಬಿ ಇರುತ್ತದೆ. ಅದನ್ನೂ ತೆರೆದ. ಅವೂ ಸರಿ ಇದ್ದವು.

ಬೇವಿನ ಮರದ ಕೆಳಗೆ ಕಟ್ಟೆಯ ಮೇಲೆ ಅಜ್ಜಾರು ಜೋಳ ಹಸನು ಮಾಡುತ್ತ ಕೂತಿದ್ದರು. ಕಾಶವ್ವ ಬಂದು ಅವರ ಎದುರಿಗೆ ಕೂತು ತಾನೂ ಮೊರ ಎಳೆದುಕೊಂಡಳು.

"ನೀ ಯಾಕ ಬಂದಿಬೇ ಬಿಸಲಾಗ?" ಅಂದರು ಅಜ್ಜಾರು.

"ಮನ್ಯಾಗ ಕುಂತ್ರ ಜೀವ ನಿಲ್ಲೂದಿಲ್ರಿ ಅಜ್ಜಾರ. ನಾಳಿಗೆ ಗಾಡಿ ಆಗತೈತೇನ್ರಿ?"

"ಅಡಿವೆಯ್ಯನ್ನ ಕೇಳು."

ಕಾಶವ್ವ ಅಲ್ಲಿಂದಲೇ ಕೂಗಿದಳು. "ಯಪ್ಪಾ ಅಡಿವೆಯ್ಯಾ, ಆಗತೈತೇನೋ?"

"ಆಗತೈತಿ ಬೇ! ಆಗತೈತಿ!" ಅಂದ ಅಡಿವೆಯ್ಯ, ಕೇಳಿದ್ದಕ್ಕಿಂತ ಜೋರಾಗಿ.

ಅವಳು ಕಟ್ಟೆಯಿಂದ ಕಾಲು ಇಳಿಬಿಟ್ಟಿದ್ದಳು. ಪಾದ ಆಗಲೇ ಬಾತುಕೊಂಡು ಕಾಲುಂಗುರ ಚರ್ಮದಲ್ಲಿ ಹೂತುಹೋಗಿತ್ತು. ಅಡಿವೆಯ್ಯ ಅತ್ತ ನೋಡಿದ. ಮತ್ತೆ ಅತ್ತ ನೋಡಬಾರದು ಅಂದುಕೊಂಡ. ಆದರೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು.

ರಾಜೇಸಾಬ ಟೆಸ್ಟ್ ಲ್ಯಾಂಪ್ ತೆಗೆದ. ಸೂಜಿಯಂಥ ಮೊನೆಯನ್ನು ಸಾಕೆಟ್ಟಿನ ತೂತಿಗೆ ಇಟ್ಟ. ಕರೆಂಟ್ ಇದ್ದರೆ ಲ್ಯಾಂಪು ಹತ್ತಬೇಕು. ಹತ್ತಲಿಲ್ಲ.

"ಇಲ್ಲಿಗೆ ಕರೆಂಟ ಬರವಲ್ದು. ವೈರು ಎಲ್ಲೋ ಕಟ್ ಆಗೈತಿ. ಎಲ್ಲಾ ಬಿಚ್ಚಬೇಕ್ರಿ."

"ಬಿಚ್ಚಬೇಕಾ? ಪೂರ್ತಿ?"

"ಮತ್ತೇನ ಮಾಡಲಿ ಅಯ್ನಾರ? ಹೊರಗಿಂದ ನೋಡಿದ್ರ ಏನೂ ಕಾಣವಲ್ದು."

ಸ್ಕ್ರೂ ಒಂದೊಂದೇ ಬಿಚ್ಚಿ ಹಳೆ ಪೇಪರು ಹಾಸಿ ಅದರ ಮೇಲಿಟ್ಟ. ಸ್ಟೇರಿಂಗಿನ ಕೆಳಗಿನ ಮುಚ್ಚಳ ಹೊರಗೆ ಬಂತು. ಆಮೇಲೆ ಪಕ್ಕದ್ದು. ವೈರುಗಳ ಕಟ್ಟು ಕರುಳಿನ ಹಾಗೆ ಜೋತುಬಿತ್ತು. ರಾಜೇಸಾಬ ಸೀಟಿನ ಮೇಲೆ ಕಾಲಿಟ್ಟು, ತಲೆ ಪೆಡಲುಗಳ ಹತ್ತಿರ ಮಾಡಿ, ತಲೆಕೆಳಗಾಗಿ ಮಲಗಿದ. ಅವನ ನರಳಾಟ ಹೊರಗೆ ಕೇಳಿಸುತ್ತಿತ್ತು.

ಬಿಸಿಲು ನೆತ್ತಿಗೆ ಬಂತು. ಪಟ್ಟಣದ ಟೆಸ್ಟ್ ಸೆಂಟರ್ ಸಂಜೆಗೆ ಬಾಗಿಲು ಹಾಕುತ್ತದೆ.

ಈಗ ಹೇಳಿಬಿಡುತ್ತೇನೆ ಅಂದುಕೊಂಡ ಅಡಿವೆಯ್ಯ. ಆದರೆ ಬೆಳಿಗ್ಗೆ ಹೇಳಿದ್ದರೆ ಗಂಧದ ತಪ್ಪು ಒಂದೇ ಇತ್ತು. ಈಗ ಹೇಳಿದರೆ ಸುಳ್ಳಿನದೂ ಸೇರಿತು, ರಾಜೇಸಾಬನ ಬೆನ್ನಿನದೂ ಸೇರಿತು. ಹೊತ್ತು ಹೋದಷ್ಟೂ ಮಾತು ಭಾರವಾಗುತ್ತಿತ್ತು, ಬಾಯಿಗೆ ಏರುತ್ತಿರಲಿಲ್ಲ.

ಆದರೂ ಎದ್ದು ಕಟ್ಟೆಯ ಹತ್ತಿರ ಹೋದ.

"ಅಜ್ಜಾರ."

"ಹೇಳೋ."

"ಅದ… ಆ ಸಾಕೆಟ್ಟು…"

"ಹೂಂ."

ಅಜ್ಜಾರು ಜೋಳದಿಂದ ಕೈ ತೆಗೆದು ಅವನ ಮುಖವನ್ನೇ ನೋಡಿದರು. ಹಾಗೆ ನೋಡಿದ್ದೇ ತಪ್ಪಾಯಿತು. ಅಡಿವೆಯ್ಯನ ನಾಲಿಗೆ ಹಿಂದೆ ಸರಿಯಿತು.

"ಊಟಕ್ಕ ಏನ ಮಾಡಲ್ರಿ?" ಅಂದ.

"ಮುಂಜಾನಿ ರೊಟ್ಟಿ ಅದಾವಲ್ಲೋ."

"ಹೌದ್ರಿ. ಮರ್ತಿದ್ದೆ."

ಹೋಗಿ ಮತ್ತೆ ಗಾಡಿಯ ಪಕ್ಕ ನಿಂತ. ತನ್ನನ್ನು ತಾನೇ ಬೈದುಕೊಂಡ. ಯಾರೋ ಹೊಡೆದ ಹಾಗೆ ಕಣ್ಣಲ್ಲಿ ನೀರು ಬಂತು.

ರಾಜೇಸಾಬ ಕೆಳಗಿನಿಂದ ಎದ್ದ. ಮುಖವೆಲ್ಲ ಧೂಳು.

"ಅಜ್ಜಾರ, ಇದೊಂದು ವಿಚಿತ್ರ ನೋಡ್ರಿ" ಅಂದ. "ಸಾಕೆಟ್ಟಿನ ಹಿಂದ ಕರೆಂಟ ಐತಿ. ವೈರು ಚಲೋ ಅದಾವು. ಮುಂದ ಮಾತ್ರ ಇಲ್ಲ. ಸಾಕೆಟ್ಟ ಸತ್ತೈತಿ ಅಂತ ಕಾಣತೈತಿ. ಹೊಸಾದ ಹಾಕಬೇಕು."

"ಹಾಕಪಾ."

"ನನ್ನ ಕಡೆ ಇಲ್ರಿ. ಹುಬ್ಬಳ್ಳಿಂದ ತರಸಬೇಕು. ನಾಡಿದ್ದ ಬರತೈತಿ."



ಕಾಶವ್ವ ಮೊರವನ್ನು ಪಕ್ಕಕ್ಕಿಟ್ಟಳು. ಸೆರಗಿನಿಂದ ಬಾಯಿ ಒರೆಸಿಕೊಂಡಳು. ನೀರು ಕುಡಿಯಲೂ ಅವಳಿಗೆ ಮಿತಿ ಇತ್ತು, ಆ ಬಿಸಿಲಲ್ಲೂ.

"ಆತ ಬಿಡ್ರಿ" ಅಂದಳು. "ನೀರ ಕಡಿಮಿ ಕುಡದು ನಾಡಿದ್ದತನಾ ಹೆಂಗರ ಹಿಡೀತೇನಿ."

ಹಿಡಿಯುವುದಾಗುವುದಿಲ್ಲ ಅಂತ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಅಜ್ಜಾರು ಅಡಿವೆಯ್ಯನ ಕಡೆ ತಿರುಗಿದರು.

"ಇವತ್ತ ಯಾವ ವಾರೋ?"

"ಸೋಮವಾರರಿ."

"ಗಾಡಿ ಪೂಜಿ ಆತೇನು?"

ಅಡಿವೆಯ್ಯ ಬೆಚ್ಚಿದ.

"ಇವತ್ತ… ಗಾಡಿ ಎಲ್ಲಾ ಬಿಚ್ಚೈತ್ರಿ ಅಜ್ಜಾರ."

"ಬಿಚ್ಚಿದ್ರ ಪೂಜಿ ಬಿಡತಾರೇನು? ತಾಟು ತಗೊಂಬಾ. ಯಾವಾಗ್ಲೂ ಹೆಂಗ ಮಾಡತಿ, ಹಂಗ ಮಾಡು."

ರಾಜೇಸಾಬ ಮುಖ ಕಿವುಚಿದ. ಇಂಥ ಹೊತ್ತಿನಲ್ಲಿ ಇವರದೇನಪ್ಪ ಅನ್ನುವ ಹಾಗೆ. ಆದರೆ ಅಜ್ಜಾರಿಗೆ ಎದುರಾಡದೆ ಪಕ್ಕಕ್ಕೆ ಸರಿದು ನಿಂತ.

ಅಡಿವೆಯ್ಯ ತಾಟು ತಂದ. ವಿಭೂತಿ, ಗಂಧ, ಹೂವು, ಊದಿನಕಡ್ಡಿ. 

ಬಾನೆಟ್ಟಿಗೆ ವಿಭೂತಿ ಹಚ್ಚಿದ. ಗಾಲಿಗಳಿಗೆ ಹಚ್ಚಿದ. ಕನ್ನಡಿಗೆ ಹೂವು ಸಿಕ್ಕಿಸಿದ. ಬಾಗಿಲಿನ ಹತ್ತಿರ ಬಂದು ಸ್ಟೇರಿಂಗಿಗೆ ಹಚ್ಚಿದ. ಊದಿನಕಡ್ಡಿ ಬೆಳಗಿದ. ಕೈ ಮುಗಿದ.

"ಆತ್ರಿ" ಅಂದ.

"ಆತೇನು?"

"ಹೂಂರಿ."

"ಅಲ್ಲೋ, ನಾ ಈ ಕಟ್ಟಿಮ್ಯಾಲ ಕುಂತು ಪ್ರತಿ ಸೋಮವಾರ ನಿನ್ನ ಪೂಜಿ ನೋಡತೇನಿ. ಕಡೀಕ ಒಮ್ಮೆ ಬಗ್ಗತಿದ್ದಿ. ಯಾಕ ಬಗ್ಗತಿದ್ದಿ ಅಂತ ನನಗ ಇಲ್ಲಿಂದ ಕಾಣೂದಿಲ್ಲ. ಇವತ್ತ ನೀ ಬಗ್ಗಲಿಲ್ಲ."

ಅಡಿವೆಯ್ಯ ನಿಂತಲ್ಲೇ ನಿಂತ.

"ಬಗ್ಗು" ಅಂದರು ಅಜ್ಜಾರು.

ಬಗ್ಗಿದ. ಗಂಧದ ಬೆರಳು ಸಾಕೆಟ್ಟಿನ ಹತ್ತಿರ ಹೋಗಿ ನಿಂತಿತು. ಮುಂದೆ ಹೋಗಲಿಲ್ಲ. ಹಿಂದೆಯೂ ಬರಲಿಲ್ಲ. ಅಲ್ಲೇ ನೆಲಕ್ಕೆ ಕುಕ್ಕರಿಸಿ, ಕಾರಿನ ಬಾಗಿಲಿಗೆ ತಲೆ ಆನಿಸಿ, ಮಕ್ಕಳ ಹಾಗೆ ಅತ್ತುಬಿಟ್ಟ.

"ರಾಜೇಸಾಬಾ, ಅದರಾಗ ಗಂಧ ಐತೋ."

"ಯಾವುದರಾಗ್ರಿ?"

"ಆ ತೂತಿನ್ಯಾಗ. ಎಲ್ಲಾ ತೂತಿನ್ಯಾಗೂ. ಭಾಳ ದಿನದಿಂದ ಒತ್ತೇನಿ. ಮುಂಜಾನೆ ಮ್ಯಾಲಿಂದಷ್ಟ ಒರಸಿದೆ."

ರಾಜೇಸಾಬನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಸಿಟ್ಟು ನೆತ್ತಿಗೇರಿತು.

"ಅಯ್ಯ ಅಯ್ನಾರ! ಕೇಳಿದ್ನಲ್ರಿ ನಾನು? ಮುಂಜಾನೆ ಬಾಯಿಬಿಟ್ಟು ಕೇಳಿದ್ನಲ್ಲ? ತಲಿ ಕೆಳಗ ಮಾಡಿ ಮಕ್ಕೊಂಡು ನನ್ನ ಬೆನ್ನ ಮುರದೈತಿ ಇಲ್ಲೆ!"

"ಹೌದಪಾ. ಬೈ. ಎಷ್ಟ ಬೈತಿ ಬೈ."

"ಬೈಯ್ಯೂದಕ್ಕ ಹೊತ್ತೆಲ್ಲೈತ್ರಿ ಈಗ?" ಅಂದು ರಾಜೇಸಾಬ ಆಗಲೇ ಮೊಣಕಾಲೂರಿದ್ದ. "ಒಂದ ಹಳೇ ಹಲ್ಲುಜ್ಜೂ ಬ್ರಷ್ ಕೊಡ್ರಿ. ಒಂದ ಸಣ್ಣ ಸೂಜಿ ಕೊಡ್ರಿ. ಲಗೂನ."

ಬ್ಯಾಟರಿಯ ವೈರು ತೆಗೆದಿಟ್ಟು, ಡಬ್ಬಿಯಲ್ಲಿದ್ದ ಸ್ಪಿರಿಟ್ಟಿನಲ್ಲಿ ಬ್ರಷ್ ಅದ್ದಿ ತಿಕ್ಕಿದ. ಸೂಜಿಯಿಂದ ಒಂದೊಂದು ತೂತನ್ನೂ ಕೆದರಿದ. ಗಂಧ ಪುಡಿಪುಡಿಯಾಗಿ ಉದುರಿತು. ಉದುರುತ್ತಲೇ ಇತ್ತು. ಕಾರಿನೊಳಗೆಲ್ಲ ದೇವರ ಕೋಣೆಯ ವಾಸನೆ. ಕಾಶವ್ವನಿಗೆ ಅಂಥಾದ್ದರಲ್ಲೂ ನಗು ತಡೆಯಲಿಲ್ಲ.

"ಎಷ್ಟು ತುಂಬೀಯೋ ಯಪ್ಪಾ! ಗಾಡಿ ಹೆಂಗ ಮಾತಾಡಬೇಕು?"

ವೈರು ಮತ್ತೆ ಹಾಕಿದ. ಸ್ಕ್ಯಾನರ್ ಒತ್ತಿದ. ಕೀ ತಿರುಗಿಸಿದ.

ಪರದೆ ಬೆಳಗಿತು.

ರಾಜೇಸಾಬ ಬಿಟ್ಟ ಉಸಿರು ಕಟ್ಟೆಯವರೆಗೂ ಕೇಳಿಸಿತು. ಇಂಜಿನ್ ಹಚ್ಚಿ ಸ್ವಲ್ಪ ಹೊತ್ತು ಓಡಿಸಿ, ಪರದೆಯನ್ನು ಓದಿಕೊಂಡು, ಬಂದ್ ಮಾಡಿ ಗಾಡಿಯ ಕೆಳಗೆ ತೂರಿ, ಅಲ್ಲಿಂದಲೇ ಹೇಳಿದ.

"ಸಿಕ್ಕಿತ್ರಿ. ಸೈಲೆನ್ಸರಿನ ಮ್ಯಾಲ ಒಂದ ಸೆನ್ಸರ್ ಇರತೈತಿ. ಹೊಗಿ ಹೆಂಗೈತಿ ಅಂತ ನೋಡಿ ಇಂಜಿನ್ನಿಗೆ ಹೇಳೂದು ಅದರ ಕೆಲಸ. ಅದರ ವೈರು ಬಿಸಿ ಪೈಪಿಗೆ ತಾಗಿ ಸುಟ್ಟೈತಿ. ಸುದ್ದಿ ಮುಟ್ಟವಲ್ದು, ಅದಕ್ಕ ಇಂಜಿನ್ ಕಣ್ಣ ಮುಚ್ಚಿ ಪೆಟ್ರೋಲ್ ಕುಡ್ಯಾಕತ್ತೈತಿ."

"ಎಷ್ಟ ಹೊತ್ತು ಬೇಕೋ ರಿಪೇರಿಗೆ?" ಅಡಿವೆಯ್ಯ ಹೊತ್ತಿನ ಕಡೆ ನೋಡಿದ. ಸೂರ್ಯ ಆಗಲೇ ವಾಲಿದ್ದ.

"ಪೈಪ ಆರಬೇಕು. ವೈರು ಜೋಡಸಬೇಕು. ಬಿಚ್ಚಿದ್ದನ್ನೆಲ್ಲಾ ಕೂಡಸಬೇಕು. ಟೆಸ್ಟಿಗೆ ಮುಟ್ಟಿದ್ರ ಮುಟ್ಟಿದ್ವಿ, ಇಲ್ಲಾಂದ್ರ ಇಲ್ಲ." ರಾಜೇಸಾಬ ಎದ್ದು ಕೈ ಒರೆಸಿಕೊಂಡ. ದನಿ ತಗ್ಗಿಸಿದ. "ಇನ್ನೊಂದ ದಾರಿ ಐತ್ರಿ. ಸ್ಕ್ಯಾನರಿನ್ಯಾಗ ದೋಷ ಅಳಿಸಿಬಿಡಬಹುದು. ಹಳದಿ ದೀಪ ಆರತೈತಿ. ಈಗಿಂದೀಗ ಹೊಂಟ್ರ, ಟೆಸ್ಟ ಆಗೂತನಾ ಹೆಂಗೋ ನಡದೀತು. ಒಮ್ಮೊಮ್ಮೆ ಪಾಸೂ ಆಗತೈತಿ. ಮುಂದಿಂದ ಮಾತ್ರ ನನಗ ಕೇಳಬ್ಯಾಡ್ರಿ."

ಅಡಿವೆಯ್ಯನಿಗೆ ಜೀವ ಬಂದ ಹಾಗಾಯಿತು. ಅಳಿಸು ಅನ್ನುವ ಮಾತು ನಾಲಿಗೆಯ ತುದಿಗೇ ಬಂದಿತ್ತು. ಒಪ್ಪಿಗೆ ಸಿಗಲಿ ಅಂತ ಅಜ್ಜಾರ ಮುಖ ನೋಡಿದ.

"ನನ್ನ ಯಾಕ ನೋಡತಿ?" ಅಂದರು ಅಜ್ಜಾರು. "ನಾಳಿಗೆ ಗಾಡ್ಯಾಗ ಕುಂಡ್ರಾಕಿ ಅಲ್ಲೆ ಕುಂತಾಳ. ಆಕಿನ್ನ ಕೇಳು."

ಕಾರಿನಿಂದ ಕಟ್ಟೆಗೆ ಎಷ್ಟು ದೂರ? ಅಡಿವೆಯ್ಯನಿಗೆ ಅದು ಹೊಳೆ ದಾಟಿದಷ್ಟಾಯಿತು. ಹೋಗಿ ಕಾಶವ್ವನ ಮುಂದೆ ಕೂತ. ಅವಳ ಬಾತ ಪಾದದ ಎದುರಿಗೇ ಕೂತ.

"ಕಾಶವ್ವಾ, ನನ್ನಿಂದ ಇವತ್ತ ಹೊತ್ತೆಲ್ಲಾ ಹಾಳಾತು ಬೇ."

"ಕೇಳಿದ್ನಲ್ಲೋ. ನಾನೇನ ಕಿವುಡಿ ಅಲ್ಲ."

"ಈಗ ಎರಡ ದಾರಿ ಅದಾವು. ದೋಷ ಅಳಿಸಿದ್ರ ಇವತ್ತ ಪಾಸ ಆದೀತು. ನಾಳಿಗೆ ನಿನ್ನ ಕರಕೊಂಡ ಹೋಗಬಹುದು. ಆದ್ರ ದೋಷ ಗಾಡ್ಯಾಗ ಹಂಗ ಇರತೈತಿ, ದಾರ್ಯಾಗ ಕೈ ಕೊಟ್ರೂ ಕೊಟ್ಟೀತು. ರಿಪೇರಿ ಮಾಡಿದ್ರ ಹೊತ್ತ ಮೀರಿ ಹೋದೀತು. ನಾಳಿಗೆ ಹೋಗೂದ ತಪ್ಪೀತು."

 ಪೂರ್ತಿ ಹೇಳಿದ. ಏನನ್ನೂ ಉಳಿಸಿಕೊಳ್ಳಲಿಲ್ಲ.

ಕಾಶವ್ವ ಕಾರಿನ ಕಡೆ ನೋಡಿದಳು, ಆಮೇಲೆ ಅವನ ಕಡೆ.

"ಅಲ್ಲೋ ಯಪ್ಪಾ, ನಡುದಾರ್ಯಾಗ ಗಾಡಿ ನಿಂತ್ರ ನನ್ನ ಹೊತಗೊಂಡ ಹೋಗತೀಯೇನು?"

"ಇಲ್ಲ ಬೇ."

"ಹಾಲಿನ ಕ್ಯಾನು ಎತ್ತಿದ್ರ ತೇಕತಿ ನೀನು. ನಾ ಭಾರ ಅದೇನಿ, ನೀರ ತುಂಬಿದಾಕಿ." ನಕ್ಕಳು. ಆಮೇಲೆ ನಗು ನಿಂತಿತು. "ನನಗೂ ಹೆದರಿಕಿ ಐತೋ ತಮ್ಮಾ. ಕಳೆದ ಸಲ ಉಸರು ಹಿಡದಾಗ ಸತ್ತೇ ಅಂದಕೊಂಡಿದ್ದೆ. ಆದ್ರೂ ಸುಳ್ಳ ದೀಪ ನೋಡಿಕೊಂತ ಗಾಡ್ಯಾಗ ಕುಂಡ್ರಾಕ ನನಗ ಆಗೂದಿಲ್ಲ. ಮಾಡ್ರಿ ರಿಪೇರಿ. ಲಗೂ ಮಾಡ್ರಿ ಅಷ್ಟ."

ಅಡಿವೆಯ್ಯ ಎದ್ದು ಓಡಿದ.

ಒದ್ದೆ ಗೋಣಿಚೀಲ ತಂದು ಪೈಪಿಗೆ ಸುತ್ತಲು ಹೋಗಿ ರಾಜೇಸಾಬನಿಂದ ಬೈಸಿಕೊಂಡ. ಆಮೇಲೆ ಅವನು ಹೇಳಿದ್ದಷ್ಟನ್ನೇ ಮಾಡಿದ. ಟಾರ್ಚು ಹಿಡಿ ಅಂದರೆ ಹಿಡಿದ. ಸ್ಕ್ರೂ ಕೊಡು ಅಂದರೆ ಕೊಟ್ಟ. ಸುಟ್ಟ ವೈರನ್ನು ಕತ್ತರಿಸಿ, ಹೊಸ ತುಂಡು ಜೋಡಿಸಿ, ಟೇಪು ಸುತ್ತಿ, ಪೈಪಿನಿಂದ ದೂರ ಎಳೆದು ಕಟ್ಟಿದರು. ಮುಚ್ಚಳಗಳನ್ನು ಕೂರಿಸಿದರು.

"ಈಗ ಅಳಸತೇನಿ" ಅಂದ ರಾಜೇಸಾಬ. "ದೀಪ ಆರತೈತಿ. ದಾರ್ಯಾಗ ಮತ್ತ ಹತ್ತಿತು ಅಂದ್ರ ಕೆಲಸ ಆಗಿಲ್ಲಂತ ತಿಳಕೋರಿ. ಹತ್ತಲಿಲ್ಲ, ಆತು."

ಅಜ್ಜಾರು ಕಟ್ಟೆ ಬಿಟ್ಟು ಏಳಲಿಲ್ಲ. "ಹೋಗಿ ಬರ್ರಿ" ಅಂದರು ಅಷ್ಟೇ.

ಪಟ್ಟಣದ ದಾರಿ. ಅಡಿವೆಯ್ಯ ಸ್ಟೇರಿಂಗ್ ಹಿಡಿದಿದ್ದ, ಪಕ್ಕದಲ್ಲಿ ರಾಜೇಸಾಬ. ಹಳದಿ ದೀಪ ಇದ್ದ ಜಾಗ ಕಪ್ಪಗಿತ್ತು. ಅಡಿವೆಯ್ಯನ ಕಣ್ಣು ರಸ್ತೆಗಿಂತ ಅಲ್ಲೇ ಜಾಸ್ತಿ.

"ರಸ್ತೆ ನೋಡ್ರಿ ಅಯ್ನಾರ!"

"ಹತ್ತಿತೇನೋ?"

"ಹತ್ತಿಲ್ಲ. ರಸ್ತೆ ನೋಡ್ರಿ!"

ಸ್ವಲ್ಪ ದೂರ ಹೋದ ಮೇಲೆ ಮತ್ತೆ ಅಂದ.

"ಈಗ ಮಿಣಕ್ಕಂತಲ್ಲೋ?"

"ಅದು ಬಿಸಲ ಬಿದ್ದದ್ರಿ. ಎಮ್ಮಿ ಬಂತು, ಎಮ್ಮಿ ನೋಡ್ರಿ!"

ಟೆಸ್ಟಿನವನು ಕಂಪ್ಯೂಟರ್ ಮುಚ್ಚುತ್ತಿದ್ದ. "ನಾಳೆ ಬರ್ರಿ" ಅಂದ. ಅಡಿವೆಯ್ಯ ಗಾಡಿಯಿಂದ ಇಳಿದು ಅವನ ಮುಂದೆ ನಿಂತ. ಮಠದ ಗಾಡಿ ಅನ್ನಲಿಲ್ಲ, ಅಜ್ಜಾರ ಹೆಸರು ಹೇಳಲಿಲ್ಲ.

"ತಡಾ ಆಗಿದ್ದು ನನ್ನ ತಪ್ಪಿನಿಂದ್ರಿ" ಅಂದ. "ಸ್ಕ್ಯಾನರ್ ಸಾಕೆಟ್ಟಿಗೆ ಗಂಧ ತುಂಬಿದ್ದೆ. ಕೇಳಿದಾಗ ಇಲ್ಲ ಅಂದೆ. ನಾಳಿಗೆ ಒಬ್ಬಾಕಿ ಡಯಾಲಿಸಿಸ್‌ಗೆ ಹೋಗಬೇಕು. ಒಂದ ಸಲ ನೋಡ್ರಿ. ನಾಪಾಸಾದ್ರ ಸುಮ್ಮನ ಹೋಗತೇನಿ."

ಟೆಸ್ಟಿನವನು ಅವನನ್ನು ಮೇಲಿಂದ ಕೆಳಗೆ ನೋಡಿದ.

"ಗಂಧ?"

"ಹೌದ್ರಿ."

"ಸಾಕೆಟ್ಟಿಗೆ?"

"ಹೌದ್ರಿ."

ಅವನು ತಲೆ ಅಲ್ಲಾಡಿಸುತ್ತ ಕಂಪ್ಯೂಟರ್ ಮತ್ತೆ ಹಚ್ಚಿದ. ಸೈಲೆನ್ಸರಿನೊಳಗೆ ನಳಿಕೆ ತೂರಿಸಿದ. ಇಂಜಿನ್ ಗುರುಗುಟ್ಟಿತು. ಅಡಿವೆಯ್ಯ ಕಣ್ಣು ಮುಚ್ಚಿದ, ತೆರೆದ, ಮತ್ತೆ ಮುಚ್ಚಿದ.

"ಪಾಸ್" ಅಂದ ಟೆಸ್ಟಿನವನು, ಅದರಲ್ಲೇನು ದೊಡ್ಡದು ಅನ್ನುವ ಹಾಗೆ.

ಮಂಗಳವಾರ ಕಾರು ಸೇತುವೆ ದಾಟಿತು. ಕಾಶವ್ವ ಆಸ್ಪತ್ರೆಗೆ ಹೋದಳು, ಬಂದಳು. ಮುಖದ ಬಾವು ಇಳಿದಿತ್ತು. ಇಳಿಯುವಾಗ ಅಡಿವೆಯ್ಯನ ತಲೆ ಸವರಿ, "ಗಾಡಿ ಹಗುರಾಗಿ ಓಡತೈತೋ" ಅಂದು ಮನೆಗೆ ನಡೆದಳು.

ಸಂಜೆ ಅಡಿವೆಯ್ಯ ಸ್ನಾನ ಮಾಡಿ, ಹೊಸ ಗಂಧ ತೇಯ್ದು, ತಾಟು ಹಿಡಿದು ಅಜ್ಜಾರ ಮುಂದೆ ಬಂದು ಮಣೆ ಹಾಕಿದ.

"ನಿನ್ನಿ ಗದ್ದಲದಾಗ ಪಾದಪೂಜಿ ತಪ್ಪಿತ್ರಿ. ಪಾದ ಕೊಡ್ರಿ ಅಜ್ಜಾರ."

ಅಜ್ಜಾರು ಪಾದ ಒಳಗೆ ಎಳೆದುಕೊಂಡು ಚಕ್ಕಳಮಕ್ಕಳ ಹಾಕಿದರು.

"ಯಾಕ್ರಿ? ಸಿಟ್ಟೇನ್ರಿ ನನ್ನ ಮ್ಯಾಲ?"

"ಸಿಟ್ಟಿಲ್ಲ. ಒಂದ ಮಾತ ಕೇಳತೇನಿ, ಖರೇ ಹೇಳು. ನಿನ್ನಿ ಮುಂಜಾನಿಯಿಂದ ಮಾತು ನಿನ್ನ ಬಾಯಾಗ ಇತ್ತು. ಹೊಳಿ ದಂಡ್ಯಾಗ ನನ್ನ ಹಿಂದ ಬಂದು ನಿಂತಿದ್ದಿ. ಮಧ್ಯಾಹ್ನ ಬಂದು ಊಟದ ಮಾತಾಡಿ ಹೋದಿ. ಯಾಕ ಹೊರಗ ಬರಲಿಲ್ಲ ಅದು?"

"ಅಂಜಿದೆ ಅಜ್ಜಾರ."

"ಯಾರಿಗೆ? ರಾಜೇಸಾಬಗೇನು?"

"ಅಲ್ರಿ."

"ಕಾಶವ್ವಗೇನು?"

"ಆಕಿಗೂ ಅಲ್ರಿ." ಅಡಿವೆಯ್ಯ ತಲೆ ತಗ್ಗಿಸಿದ. "ನಿಮಗ್ರಿ. ನೀವು ಇಷ್ಟ ದೊಡ್ಡವರು. ನಿಮ್ಮ ಮುಂದ ಇಂಥಾದ್ದ ಹೆಂಗ ಹೇಳಲಿ ಅಂತ ಅಂಜಿದೆ."

ಅಜ್ಜಾರು ತಮ್ಮ ಪಾದವನ್ನೇ ನೋಡಿಕೊಂಡರು. ಮುಖ ಸಣ್ಣದಾಗಿತ್ತು. ಆಮೇಲೆ ಮುಂದೆ ಬಾಗಿ, ತಾಟಿನಿಂದ ಗಂಧದ ಬಟ್ಟಲನ್ನು ಎತ್ತಿ ಪಕ್ಕಕ್ಕಿಟ್ಟರು.

"ಹಂಗಾರ ನನಗೂ ಭಾಳ ದಿನದಿಂದ ಗಂಧ ಒತ್ತೀ ತಮ್ಮಾ, ನಿನ್ನ ಮಾತ ನನಗ ಮುಟ್ಟದಂಗ" ಅಂದರು. "ನೀರ ತಗೊಂಬಾ. ಇಬ್ಬರೂ ಕೂಡಿ ಅದನ್ನ ತೊಳಿಯೂನು."